ಕಿವಿಗೆ ಸಿಗುವ ತುಕ್ಕು

ಮಂಗಳೂರಿನ ಯಾವ ಗ್ಯಾರೇಜಿನ ಬಾಗಿಲಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ಎಂತದೋ ಸೌಂಡ್ ಬರ್ತಾ ಉಂಟು ಮಾರಾಯ್ರೆ, ಒಮ್ಮೆ ನೋಡಿ." ಹಾಗೆಂದವರು ಅಷ್ಟಕ್ಕೇ ಬಿಡುವುದಿಲ್ಲ, ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಕಟಕಟ, ಗುಂಯ್, ಕಿರ್ರ್, ದಡ್. ನುರಿತ ಮೆಕ್ಯಾನಿಕ್ ಈ ಮಿಮಿಕ್ರಿಯನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾರೆ: "ಯಾವಾಗ ಬರ್ತದೆ?"

ಎಲ್ಲಿಂದ ಬರುತ್ತದೆ ಎಂದು ಅವರು ಕೇಳದೆ ಇರುವುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಸಾಗಿದರೆ ಉಕ್ಕಿನಲ್ಲಿ 5,000 ಮೀಟರಿನಷ್ಟು ಸಾಗುತ್ತದೆ. ಕಾರಿನ ಬಾಡಿ ಎಂದರೆ ಒಂದಕ್ಕೊಂದು ಬೆಸೆದ ತೆಳು ಉಕ್ಕಿನ ತಗಡುಗಳು. ಮುಂದಿನ ಎಡಚಕ್ರದಲ್ಲಿ ಹುಟ್ಟಿದ ಕಂಪನ ಎಲ್ಲೋ ಹಿಂದಿನ ತಗಡನ್ನು ಅಲ್ಲಾಡಿಸಿ ಅಲ್ಲಿಂದ ನಮ್ಮ ಕಿವಿಗೆ ಬರಬಹುದು. ಸದ್ದು ದಪ್ಪನೆಯದಾಗಿದ್ದರಂತೂ ಕಿವಿಯ ಆಟ ಮುಗಿದ ಹಾಗೆ. ಸೆಕೆಂಡಿಗೆ ನೂರು ಸಲ ಕಂಪಿಸುವ ಗುಂಯ್‌ಗುಡುವಿಕೆಯ ಒಂದು ಅಲೆಯ ಉದ್ದ ಮೂರೂವರೆ ಮೀಟರ್. ಮಾರುತಿ 800 ಕಾರಿನ ಉದ್ದವೇ 3.3 ಮೀಟರ್. ಇಡೀ ಕಾರಿಗಿಂತ ಉದ್ದನೆಯ ಅಲೆಯ ಮೂಲವನ್ನು ಗೇಣಳತೆಯ ಅಂತರದ ಎರಡು ಕಿವಿಗಳು ಮುಚ್ಚಿದ ಕಾರಿನೊಳಗೆ ಸುಲಭವಾಗಿ ಹುಡುಕಲಾರವು. ಹಾಗಾಗಿ 'ಎಲ್ಲಿ' ಎಂಬುದಕ್ಕೆ ಗಿರಾಕಿ ಕೊಡುವ ಉತ್ತರ ಹೆಚ್ಚಿನ ಸಲ ತಪ್ಪಾಗಿರುತ್ತದೆ. 'ಯಾವಾಗ' ಎಂಬುದಕ್ಕೆ ಕೊಡುವ ಉತ್ತರವನ್ನು ನಂಬಬಹುದು.

ಸದ್ದು ಬರುವ ಹೊತ್ತನ್ನು ಅಳೆಯಲು ಗಡಿಯಾರವೂ ಬೇಡ, ಲೆಕ್ಕ ಗೊತ್ತಿದ್ದರೆ ಸಾಕು. ಮಾರುತಿ 800ರ ಹನ್ನೆರಡು ಇಂಚಿನ ಚಕ್ರದ ಸುತ್ತಳತೆ, ಟಯರು ಸೇರಿ, ಸುಮಾರು 1.6 ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಏಳು ಸುತ್ತು ಹಾಕುತ್ತದೆ. ಟಯರಿನ ಸಂದಿಯಲ್ಲಿ ಕಲ್ಲು ಸಿಕ್ಕಿದ್ದರೆ ಸೆಕೆಂಡಿಗೆ ಏಳು ಟಿಕ್. 20ಕ್ಕೆ ಇಳಿದರೆ ಮೂರೂವರೆ. ವೇಗದೊಂದಿಗೆ ಹೀಗೆ ಏರಿಳಿಯುವ ಸದ್ದು ಚಕ್ರಕ್ಕೆ ಸೇರಿದ್ದು. ಖಚಿತಪಡಿಸಿಕೊಳ್ಳಲು ಸಮತಟ್ಟಾದ ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ಎಂಜಿನನ್ನು ಐಡಲಿಗೆ ಇಳಿಸಿ ನೋಡಿ. ಸದ್ದು ಹಾಗೆಯೇ ಉಳಿದರೆ ಚಕ್ರದ ಕಡೆಯದು, ಎಂಜಿನ್ ಇಳಿದಂತೆ ತಾನೂ ಇಳಿದರೆ ಎಂಜಿನ್ನಿನ ಕಡೆಯದು. ಎರಡು ನಿಮಿಷದ ಈ ಪರೀಕ್ಷೆಯಿಂದ ಅರ್ಧ ಕಾರು ತನಿಖೆಯಿಂದ ಹೊರಗೆ ಹೋಗುತ್ತದೆ.

ಮಂಗಳೂರಿಗರಿಗೆ ಇನ್ನೊಂದು ಪ್ರಯೋಗಶಾಲೆ ಪುಕ್ಕಟೆಯಾಗಿ ಸಿಕ್ಕಿದೆ. ನಗರದೊಳಗಿನ ಮುಖ್ಯರಸ್ತೆಗಳು ಕಾಂಕ್ರೀಟಿನವು, ಊರು ದಾಟಿದರೆ ಡಾಮರು. ಹಳೆಯ ಕಾರಿನಲ್ಲಿ ಬರುವ ಗುಂಯ್ ಎಂಬ ಸದ್ದಿಗೆ ಟಯರು ಕಾರಣವೋ ಚಕ್ರದ ಬೇರಿಂಗ್ ಕಾರಣವೋ ಎಂಬುದು ಎಲ್ಲ ಕಡೆಯೂ ಕಾಡುವ ಪ್ರಶ್ನೆ. ಟಯರಿನ ಸದ್ದು ಹುಟ್ಟುವುದು ರಬ್ಬರು ರಸ್ತೆಯ ಮೈಯನ್ನು ತಟ್ಟಿದಾಗ. ಕಾಂಕ್ರೀಟಿನಿಂದ ಡಾಮರಿಗೆ ಇಳಿದ ಕ್ಷಣವೇ ಅದರ ದನಿ ಬದಲಾಗಬೇಕು. ಬೇರಿಂಗಿನ ಒಳಗಿನ ಉಕ್ಕಿನ ಗುಂಡುಗಳಿಗೆ ಕೆಳಗೆ ಯಾವ ರಸ್ತೆ ಇದೆ ಎಂಬ ಪರಿವೆಯೇ ಇಲ್ಲ, ಆ ಸದ್ದು ಹಾಗೆಯೇ ಮುಂದುವರಿಯುತ್ತದೆ. ಬೇರಿಂಗೇ ಎಂದಾದರೆ ಯಾವ ಬದಿಯದು? ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಬಲಚಕ್ರದ ಬೇರಿಂಗ್ ಹೋಗಿದೆ ಎಂದರ್ಥ. ಏರು, ಇಳಿಜಾರು, ತಿರುವುಗಳಿಂದಲೇ ಆದ ಈ ಊರಿನಲ್ಲಿ ತಿರುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ತಿರುಗಿಸುವಾಗ ಮಾತ್ರ, ಅದೂ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಕಾರು ಹೊರಡಿಸುವಾಗ ಬರುವ ಟಕಟಕ ಬೇರೆಯೇ ಕತೆ. ಮುಂಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಕಾರುಗಳಲ್ಲಿ ಚಕ್ರ ಒಂದೇ ಹೊತ್ತಿಗೆ ಉರುಳಬೇಕು, ಎಡಬಲಕ್ಕೆ ಹೊರಳಬೇಕು, ಮೇಲೆ ಕೆಳಗೆ ಆಡಬೇಕು. ಇದನ್ನು ಸಾಧಿಸುವ ಕೀಲಿಗೆ ಸಿವಿ ಜಾಯಿಂಟ್ ಎನ್ನುತ್ತಾರೆ. ಅದರ ಬಹುಬಳಕೆಯ ರೂಪಕ್ಕೆ 1920ರ ದಶಕದಲ್ಲಿ ಪೇಟೆಂಟ್ ಪಡೆದ ಎಂಜಿನಿಯರ್ ಆಲ್ಫ್ರೆಡ್ ರ್‍ಜೆಪ್ಪಾ. ಬಟ್ಟಲಿನಂಥ ಒಂದು ಕುಳಿಯಲ್ಲಿ ಆರು ಉಕ್ಕಿನ ಗುಂಡುಗಳು, ಸುತ್ತ ಗ್ರೀಸು, ಅದನ್ನು ಮುಚ್ಚಲು ರಬ್ಬರಿನ ಬೂಟ್. ಕೀಲು ತಾನಾಗಿ ಹಾಳಾಗುವುದು ಅಪರೂಪ. ಬೂಟ್ ಹರಿಯುತ್ತದೆ, ಗ್ರೀಸು ಎರಚಿಹೋಗುತ್ತದೆ, ಆ ತೂತಿನಿಂದ ಮಳೆಗಾಲದ ಕೆಂಪು ಕೆಸರು ಒಳಗೆ ಹೋಗಿ ಅರೆಯತೊಡಗುತ್ತದೆ. ಟಕಟಕ ಕೇಳಿಸುವ ಹೊತ್ತಿಗೆ ಕೀಲನ್ನೇ ಬದಲಿಸಬೇಕು. ಬೂಟ್ ಹರಿದದ್ದು ಕಣ್ಣಿಗೆ ಬಿದ್ದಾಗಲೇ ಬೂಟನ್ನು ಬದಲಿಸಿದ್ದರೆ ಖರ್ಚು ಇದರ ಒಂದು ಸಣ್ಣ ಪಾಲಿನಷ್ಟೇ ಆಗುತ್ತಿತ್ತು. ಚಕ್ರವನ್ನು ಪೂರ್ತಿ ಹೊರಳಿಸಿ ನಿಲ್ಲಿಸಿ ಹಿಂದಿನಿಂದ ಇಣುಕಿದರೆ ಬೂಟ್ ಕಾಣಿಸುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಇಣುಕುವುದು ಒಳ್ಳೆಯದು.

ಜೂನ್ ತಿಂಗಳ ಬೆಳಗಿನ ಕಿರುಚಾಟಗಳ ಕಾರಣ ಇನ್ನೊಂದು. ಎರಡು ಮೈಗಳು ಉಜ್ಜುವಾಗ ಒಂದು ಕ್ಷಣ ಅಂಟಿ ಮರುಕ್ಷಣ ಜಾರುತ್ತವೆ. ಇದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ನಡೆದಾಗ ಸ್ವರ ಹುಟ್ಟುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಸ್ಟಾರ್ಟ್ ಮಾಡಿದ ಕೂಡಲೇ ಕಿರುಚುವುದು ಎಂಜಿನ್ನಿನ ಮುಂದಿನ ಬೆಲ್ಟು. ಸ್ವಲ್ಪ ನೀರು ಚಿಮುಕಿಸಿದಾಗ (ಕೈ ದೂರ ಇರಲಿ) ಸದ್ದು ತುಸುಹೊತ್ತು ನಿಂತರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಜೋರಾದರೆ ಬೆಲ್ಟು ಸಡಿಲವಾಗಿದೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರಿನ ಮೊದಲ ಎರಡು ಮೂರು ಬ್ರೇಕಿಗೆ ಬರುವ ಗರಗರಕ್ಕೆ ಹೆದರಬೇಕಾಗಿಲ್ಲ. ಡಿಸ್ಕಿನ ಮೇಲೆ ಒಂದೇ ರಾತ್ರಿಯಲ್ಲಿ ಕಟ್ಟಿದ ಕಿತ್ತಳೆ ಬಣ್ಣದ ಪುಡಿ ಅದು, ಪ್ಯಾಡು ತಾನೇ ಒರಸಿಹಾಕುತ್ತದೆ. ನಾಲ್ಕು ದಿನ ಕಾರು ಹೊರಡಿಸುವುದಿಲ್ಲ ಎಂದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಡ್ರಮ್ಮಿಗೆ ಲೈನಿಂಗ್ ಅಂಟಿಕೊಂಡು ಕಾರು ಜಗ್ಗದಂತಾಗುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರಾಯಿತು.

ಆ ಕಿತ್ತಳೆ ಪುಡಿಯೊಂದಿಗೆ ನಾವು ತುಕ್ಕಿನ ಸೀಮೆಗೆ ಕಾಲಿಟ್ಟಾಯಿತು. ಕರಾವಳಿಯ ಹಳೆಯ ಕಾರಿನಲ್ಲಿ ಸದ್ದು ಬೇರೆ, ತುಕ್ಕು ಬೇರೆ ಎಂಬ ಎರಡು ಖಾತೆಗಳಿಲ್ಲ.

ಸೈಲೆನ್ಸರ್ ಒಂದು ಉದಾಹರಣೆ. ಅದು ತುಕ್ಕು ಹಿಡಿಯುವುದು ಹೊರಗಿನ ಮಳೆಗೆ ಎಂದು ಬಹಳ ಜನ ತಿಳಿದಿದ್ದಾರೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದಾಗ ನೀರಾಗುತ್ತದೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ದೂರದ ಪ್ರಯಾಣದಲ್ಲಿ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಕದ್ರಿಯಿಂದ ಹಂಪನಕಟ್ಟೆಗೆ ಹೋಗಿ ತರಕಾರಿ ತಂದು ನಿಲ್ಲಿಸುವ ಕಾರಿನ ಸೈಲೆನ್ಸರ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಉರಿದ ಅನಿಲಗಳ ಆಮ್ಲ ಬೆರೆತ ನೀರು ಡಬ್ಬಿಯೊಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಮೊದಲು ಒಳಗಿನ ತಗಡು ಕಳಚಿ ಗಲಗಲ ಅನ್ನುತ್ತದೆ, ಆಮೇಲೆ ತೂತು ಬಿದ್ದು ಆಕ್ಸಿಲರೇಟರ್ ಒತ್ತಿದಾಗ ಭರ್ ಎನ್ನುತ್ತದೆ. ಕಡಿಮೆ ಓಡಿದ ಕಾರು ಎಂದು ಹೆಮ್ಮೆಪಡುವವರ ಸೈಲೆನ್ಸರೇ ಬೇಗ ಹೋಗುವುದಕ್ಕೆ ಇದೇ ಕಾರಣ.

ಇನ್ನೊಂದು ಸದ್ದನ್ನು ಮಂಗಳೂರಿನ ಕಾರು ಮಾಲಕರೆಲ್ಲ ಗುರುತಿಸಲು ಕಲಿಯಬೇಕು ಎಂದು ನನ್ನ ಆಸೆ. ಮಳೆ ನಿಂತ ಮೇಲೆ ಕಾರು ಬ್ರೇಕ್ ಹಾಕಿ ನಿಂತಾಗ ಬಾಗಿಲಿನೊಳಗಿನಿಂದ ಗುಳುಗುಳು ಎನ್ನುತ್ತದೆ. ಕಿಟಕಿಯ ಗಾಜಿನ ಬದಿಯಿಂದ ನೀರು ಬಾಗಿಲಿನೊಳಗೆ ಇಳಿಯುವುದು ಸಹಜ, ಕಾರು ಮಾಡಿದವರಿಗೂ ಅದು ಗೊತ್ತು. ಅದಕ್ಕೆಂದೇ ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ತೂತುಗಳಿವೆ. ಎಲೆಚೂರು, ಕೆಸರು, ಎಷ್ಟೋ ಸಲ ಪೇಂಟಿಂಗ್ ಮಾಡಿಸಿದಾಗ ಮೆತ್ತಿದ ಪುಟ್ಟಿ ಅವನ್ನು ಮುಚ್ಚಿಬಿಡುತ್ತವೆ. ಒಳಗೆ ನಿಂತ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಇದು ಮುಂದೆ ಬರಲಿರುವ ತುಕ್ಕಿನ ಸದ್ದು, ಹೊರಗಿನ ಬಣ್ಣ ಉಬ್ಬುವುದಕ್ಕೆ ವರ್ಷಗಳ ಮೊದಲೇ ಕೇಳಿಸುವಂಥದ್ದು. ಒಂದು ತೆಂಗಿನ ಕಡ್ಡಿ ಹಾಕಿ ತೂತು ಬಿಡಿಸಿದರೆ ಸಾವಿರಗಟ್ಟಲೆ ರೂಪಾಯಿಯ ಟಿಂಕರಿಂಗ್ ಕೆಲಸ ಉಳಿಯುತ್ತದೆ.

ನಿಂತ ನೀರು ಏಕೆ ಇಷ್ಟು ಕೆಟ್ಟದ್ದು ಎಂಬುದನ್ನು ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಒಂದೇ ಒಂದು ಹನಿಯಿಂದ ತೋರಿಸಿದರು. ಉಜ್ಜಿ ಹೊಳೆಯಿಸಿದ ಕಬ್ಬಿಣದ ಮೇಲೆ ಉಪ್ಪುನೀರಿನ ಹನಿ ಬಿಟ್ಟು ನೋಡಿ. ಗಾಳಿ ತಾಗುವ ಅಂಚಿನಲ್ಲಿ ತುಕ್ಕು ಹೆಚ್ಚಬೇಕೆಂದು ನಮಗೆ ತೋರುತ್ತದೆ. ಆಗುವುದು ಉಲ್ಟಾ. ಅಂಚು ಹೊಳೆಯುತ್ತಲೇ ಇರುತ್ತದೆ, ಹನಿಯ ನಡುವೆ ಕಬ್ಬಿಣ ಕರಗುತ್ತದೆ, ಎರಡರ ಮಧ್ಯೆ ಕಂದು ಉಂಗುರವೊಂದು ಕಟ್ಟುತ್ತದೆ. ಅಂಚಿನಲ್ಲಿ ಆಮ್ಲಜನಕ ಹೇರಳವಾಗಿದೆ, ಅದಕ್ಕೆ ಎಲೆಕ್ಟ್ರಾನುಗಳು ಬೇಕು. ಅವನ್ನು ಒದಗಿಸುವುದು ಆಮ್ಲಜನಕ ಕಡಿಮೆ ಇರುವ ನಡುಭಾಗದ ಕಬ್ಬಿಣ. ಕೊಟ್ಟ ಕಬ್ಬಿಣ ಅಯಾನಾಗಿ ನೀರಿಗೆ ಇಳಿಯುತ್ತದೆ. ಹನಿಯೊಂದು ಪುಟ್ಟ ಬ್ಯಾಟರಿಯಾಗಿದೆ, ಉಪ್ಪು ಅದರೊಳಗೆ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಕಾರು ಎಲ್ಲಿ ಕೊಳೆಯುತ್ತದೆ ಎಂಬುದನ್ನು ಈ ಹನಿಯೇ ಹೇಳುತ್ತದೆ: ಗಾಳಿಯಾಡದೆ ಒದ್ದೆ ಉಳಿಯುವ ಕಡೆ. ರಬ್ಬರ್ ಬೀಡಿಂಗಿನ ಅಡಿ, ಎರಡು ತಗಡು ಸೇರುವ ಸಂದು, ಚಕ್ರದ ಕಮಾನಿನ ಒಳಮಗ್ಗುಲಿಗೆ ಮೆತ್ತಿದ ಕೆಸರಿನ ಹಿಂದೆ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯ ಒಳಗೆ, ಮ್ಯಾಟಿನ ಕೆಳಗೆ.

ಮಂಗಳೂರಿನ ಗಾಳಿಗೆ ಹನಿಯೂ ಬೇಡ. ಅಡಿಗೆಯುಪ್ಪು ಗಾಳಿಯ ತೇವ ಶೇಕಡಾ 75 ದಾಟಿದಾಗ ತಾನೇ ನೀರಾಗುತ್ತದೆ. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ, ಅದಕ್ಕೆ ಶೇಕಡಾ 33ರಷ್ಟು ತೇವ ಸಾಕು. ಈ ಊರಿನ ಗಾಳಿ ಅಷ್ಟು ಒಣಗುವ ದಿನಗಳು ಬಹಳ ಕಡಿಮೆ. ಅಂದರೆ ತಣ್ಣೀರುಬಾವಿಯಲ್ಲೋ ಸೋಮೇಶ್ವರದಲ್ಲೋ ಸಂಜೆ ಕಡಲ ಬದಿ ಕಾರು ನಿಲ್ಲಿಸಿದಾಗ ಮೈಮೇಲೆ ಕೂತ ಉಪ್ಪಿನ ಪುಡಿ, ತೊಳೆಯದ ಹೊರತು, ಮಳೆಯಿಲ್ಲದ ಮಾರ್ಚಿನಲ್ಲೂ ಒದ್ದೆಯಾಗಿಯೇ ಇರುತ್ತದೆ. ಗಾಳಿಯಲ್ಲಿನ ಉಪ್ಪು ಕಡಲಿನಿಂದ ಮೊದಲ ಕೆಲವು ನೂರು ಮೀಟರಿನಲ್ಲೇ ಬಹುಪಾಲು ಉದುರುತ್ತದೆ. ಕಡಲಂಚಿನ ಪಣಂಬೂರಿನ ಕಾರಿಗೂ ಒಳಭಾಗದ ಕುಲಶೇಖರದ ಕಾರಿಗೂ ಆಯುಸ್ಸಿನಲ್ಲಿ ವ್ಯತ್ಯಾಸ ಇರಬೇಕಾದದ್ದೇ. ಕುಲಶೇಖರದವರು ನಿಶ್ಚಿಂತೆಯಾಗಿ ಇರಬೇಕೆಂದೇನಿಲ್ಲ: ಮೀನುಗಾರಿಕಾ ದಕ್ಕೆಯಿಂದ ಹೊರಟ ಮೀನಿನ ಲಾರಿ ದಾರಿಯುದ್ದಕ್ಕೂ ಸುರಿಸುವ ಉಪ್ಪುನೀರಿನ ಹಿಂದೆ ಹೋದರೆ ಕಡಲೇ ನಿಮ್ಮ ಕಾರಿನ ತಳಕ್ಕೆ ಬಂದಹಾಗೆ.

ಹೀಗಾಗಿ ಮಳೆಯನ್ನು ಬೈಯುವುದರಲ್ಲಿ ಅರ್ಧ ಅನ್ಯಾಯವಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಕಾರಿನ ಮಾಡು, ಬಾನೆಟ್ಟುಗಳ ಉಪ್ಪನ್ನು ತೊಳೆದುಬಿಡುತ್ತದೆ. ಅದು ಮುಟ್ಟದ ಜಾಗಗಳಲ್ಲಿ ಉಪ್ಪು ಉಳಿಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಒದ್ದೆ ಕಾರನ್ನಿಟ್ಟು ಮೇಲೆ ಪ್ಲಾಸ್ಟಿಕ್ ಕವರ್ ಹೊದೆಸುವುದು ಅತಿ ಪ್ರೀತಿಯ ಅತಿ ಕೆಟ್ಟ ಉಪಚಾರ. ವಾಟರ್ ಸರ್ವಿಸಿಗೆ ಕೊಟ್ಟಾಗ ಹೊಳೆಯುವ ಮೇಲ್ಮೈಗಿಂತ ತಳಕ್ಕೂ ಕಮಾನುಗಳಿಗೂ ನೀರು ಹೊಡೆಯಲು ಹೇಳಿ. ಆಮೇಲೆ ಗಾಳಿಯಾಡುವ ಕಡೆ ಬಾಗಿಲು ತೆರೆದು ಮ್ಯಾಟು ಎತ್ತಿ ಒಣಗಿಸಿ.

ಈ ನೆಲದಲ್ಲಿ ಕಬ್ಬಿಣ ಯಾವ ರೂಪದಲ್ಲಿ ನೆಮ್ಮದಿಯಾಗಿರುತ್ತದೆ ಎಂಬುದನ್ನು ತಿಳಿಯಲು ಕಾರಿನ ಚಕ್ರದಡಿ ನೋಡಿದರೂ ಸಾಕು. ಮುರಕಲ್ಲಿನ ಕೆಂಪು, ಮಂಗಳೂರು ಹಂಚಿನ ಕೆಂಪು ಎರಡೂ ಕಬ್ಬಿಣದ ಆಕ್ಸೈಡಿನವು. ಕುದುರೆಮುಖದ ಬೆಟ್ಟದ ಮ್ಯಾಗ್ನೆಟೈಟ್ ಅದಿರನ್ನು ಪುಡಿಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಆ ಅದಿರೂ ಆಕ್ಸೈಡೇ. ಕುಲುಮೆಯಲ್ಲಿ ಅಪಾರ ಶಾಖ ಕೊಟ್ಟು ಆಮ್ಲಜನಕವನ್ನು ಕಿತ್ತರೆ ಉಕ್ಕು, ಸಮಯ ಸಿಕ್ಕಾಗ ಉಕ್ಕು ಅದನ್ನು ವಾಪಸು ಪಡೆದರೆ ತುಕ್ಕು. ತಡೆಯಲು ಆಗದು, ತಡಮಾಡಲು ಆಗುತ್ತದೆ.

ಎಷ್ಟು ತಡ? ಗಾಳಿಯ ತಿನ್ನುವ ಶಕ್ತಿಯನ್ನು ವರ್ಗ ಮಾಡುವ ಅಂತರರಾಷ್ಟ್ರೀಯ ಮಾನಕ ಐಎಸ್ಒ 9223ರ ಪ್ರಕಾರ 'ಹೆಚ್ಚು' ವರ್ಗದ ಹವೆಯಲ್ಲಿ ಬಣ್ಣವಿಲ್ಲದ ಉಕ್ಕು ಮೊದಲ ವರ್ಷ 50ರಿಂದ 80 ಮೈಕ್ರೋಮೀಟರ್ ಸವೆಯುತ್ತದೆ, 'ತೀರಾ ಹೆಚ್ಚು' ವರ್ಗದಲ್ಲಿ 200ರ ತನಕ. ಕಾರಿನ ಹೊರತಗಡಿನ ದಪ್ಪ ಸುಮಾರು 0.7 ಮಿಲಿಮೀಟರ್, ಅಂದರೆ 700 ಮೈಕ್ರೋಮೀಟರ್. ವರ್ಷಕ್ಕೆ ನೂರರಂತೆ ಒಂದೇ ಬದಿಯಿಂದ ತಿಂದರೂ ಏಳು ವರ್ಷಕ್ಕೆ ತೂತು. ಮೇಲಾಗಿ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ನೀರು ಸೇರಿದ ಬಗೆಯಂತೂ ಇನ್ನೂ ಹೆಚ್ಚು. ಸಂದಿನಲ್ಲಿ ಬೆಳೆದ ತುಕ್ಕು ತಗಡುಗಳನ್ನು ದೂಡಿ ಬೆಸುಗೆಯ ಚುಕ್ಕೆಗಳನ್ನು ಕೀಳುತ್ತದೆ. ಹಂಪ್ ಇಳಿಯುವಾಗ ಕೇಳುವ ಕ್ರೀಚ್ ಎಂಬ ಸದ್ದಿಗೆ ಬುಷ್, ಲಿಂಕ್‌ರಾಡ್, ಶಾಕ್ ಅಬ್ಸಾರ್ಬರ್ ಎಲ್ಲ ಬದಲಿಸಿದ ಮೇಲೂ ಮುಕ್ತಿ ಸಿಗದಿದ್ದರೆ ಇಂಥ ಕಿತ್ತ ಬೆಸುಗೆಯನ್ನು ಹುಡುಕಬೇಕು.

ಹುಡುಕುವುದೂ ಕಿವಿಯಿಂದಲೇ. ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ಪಟ್ಟಿಯುದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎಂದು ಮರುನುಡಿಯುತ್ತದೆ. ಪದರ ಬಿಟ್ಟ ತಗಡು ಕಂಪನವನ್ನು ತನ್ನೊಳಗೇ ನುಂಗಿಕೊಂಡು ದಬ್ ಎನ್ನುತ್ತದೆ. ಪುಟ್ಟಿ ತುಂಬಿದ್ದರೂ ದಬ್ಬೇ, ಅಲ್ಲಿ ಅಯಸ್ಕಾಂತ ಅಂಟದು. ಹಳೆಯ ಕಾರು ಕೊಳ್ಳಲು ಹೋಗುವವರ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇರಲಿ.

ಸಿಕ್ಕಿದ ತುಕ್ಕಿಗೆ ಏನು ಮಾಡುವುದು? ಮೊದಲು ತಂತಿ ಬ್ರಶ್ಶು, ಆಮೇಲೆ ಎಮರಿ ಕಾಗದ, ಬೆಳ್ಳಗೆ ಲೋಹ ಕಾಣುವ ತನಕ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಬೇಕು. ಈ ತೊಳೆಯುವ ಹಂತವನ್ನು ಬಹಳ ಕಡೆ ಹಾರಿಸುತ್ತಾರೆ. ಗುಂಡಿಯ ತಳದಲ್ಲಿ ಉಳಿದ ಉಪ್ಪು ಬಣ್ಣದ ಅಡಿಯಿಂದಲೇ ಕೆಲಸ ಮುಂದುವರಿಸುತ್ತದೆ, ಮುಂದಿನ ದೀಪಾವಳಿಗೆ ಅದೇ ಜಾಗ ಉಬ್ಬುತ್ತದೆ. ಬ್ರಶ್ಶು ತಲುಪದ ಕಡೆಗೆ ತುಕ್ಕು ಬದಲಿಸುವ ದ್ರಾವಣಗಳಿವೆ. ಕೆಲವು ಫಾಸ್ಫಾರಿಕ್ ಆಮ್ಲದವು, ಕೆಲವು ಟ್ಯಾನಿನ್‌ನವು. ಟ್ಯಾನಿನ್ ನಮಗೆ ಹೊಸತಲ್ಲ. ಹಸಿ ಅಡಕೆ ಕೊಯ್ದ ಕತ್ತಿ ಕಪ್ಪಾಗುವುದು ಅಡಕೆಯ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿದ್ದರಿಂದ. ಕೆಂಪು ತುಕ್ಕನ್ನು ದ್ರಾವಣ ಕರ್‍ರಗೆ ಮಾಡುವುದೂ ಅದೇ ರಸಾಯನದಿಂದ. ಹೀಗೆ ಹುಟ್ಟಿದ ಕಪ್ಪು ಪದರ ನೀರಿಗೆ ಕರಗದು, ಆದರೆ ಅದೊಂದೇ ಕಾವಲಾಗದು. ಮೇಲೆ ಪ್ರೈಮರ್, ಬಣ್ಣ ಬೇಕೇ ಬೇಕು. ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ ಎಂಬುದು ತಮಾಷೆಯ ಸಂಗತಿ. ಕಾಯುವುದು ಆ ಪುಡಿಯನ್ನು ಹಿಡಿದಿಡುವ ಅಂಟು.

ಸತು ಹೆಚ್ಚಿರುವ ಪ್ರೈಮರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಬ್ಬಿಣಕ್ಕಿಂತ ಸತು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಹಾಗಾಗಿ ಗೀರು ಬಿದ್ದರೂ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆಯನ್ನು ಕಾಯಲು ಇದೇ ಉಪಾಯ ಹೂಡಿದರು. ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ಗಟ್ಟಿ ಜೋಡಿಸುವುದೂ ಇದಕ್ಕೇ. ಈ ತತ್ವದ ಹೆಸರು ಹೇಳಿ ಕಾರಿನ ಬ್ಯಾಟರಿಗೆ ಸಿಕ್ಕಿಸುವ 'ತುಕ್ಕು ನಿವಾರಕ' ಪೆಟ್ಟಿಗೆಗಳನ್ನು ಮಾರುವವರಿದ್ದಾರೆ. ಬೋಟು ಪೂರ್ತಿ ಉಪ್ಪುನೀರಲ್ಲಿದೆ, ವಿದ್ಯುತ್ತು ಸುತ್ತಿಬರಲು ದಾರಿಯಿದೆ. ರಸ್ತೆಯ ಮೇಲಿನ ಕಾರಿಗೆ ಆ ದಾರಿಯಿಲ್ಲ. ದುಡ್ಡು ಉಳಿಸಿಕೊಳ್ಳಿ.

ತಳಕ್ಕೆ ಹೊಡೆಸುವ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಹೊಸ ಕಾರಿಗೆ ಸರಿ. ಹಳೆಯ ಕಾರಿನ ಒದ್ದೆ ತುಕ್ಕಿನ ಮೇಲೆ ಬಳಿದರೆ ಇವಾನ್ಸರ ಹನಿಯ ನಡುಭಾಗವನ್ನು ನಾವೇ ಕಟ್ಟಿಕೊಟ್ಟಂತೆ: ಒಳಗೆ ತೇವ, ಗಾಳಿಯಿಲ್ಲ, ಮೇಲೆ ನೋಡಲು ಚಂದ. ಮೇ ಕೊನೆಯಲ್ಲಿ ಮಳೆಗೆ ಮೊದಲು ಎಂದು ಎಲ್ಲರೂ ಓಡಿಬಂದು ಮಾಡಿಸುವುದು ಇದನ್ನೇ. ಆ ಹೊತ್ತಿಗೆ ಗಾಳಿ ಬೆವರುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣಗಾಳಿ ಬೀಸುವಾಗ ಮಾಡಿಸಿದರೆ ಅದೇ ಖರ್ಚಿನ ಕೆಲಸ ಹೆಚ್ಚು ಬಾಳುತ್ತದೆ. ಟೊಳ್ಳು ಪಟ್ಟಿಗಳೊಳಗೆ ಮೇಣದ ಸ್ಪ್ರೇ ಹೊಡೆಸುವುದು ಇದಕ್ಕಿಂತ ಉಪಯುಕ್ತ. ಹಳೆಯ ಎಂಜಿನ್ ಆಯಿಲನ್ನು ತಳಕ್ಕೆ ಎರಚುವ ಪದ್ಧತಿ ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಮೊದಲ ಮಳೆಗೇ ತೊಳೆದು ಬಾವಿಗೆ ಇಳಿಯುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಘಟ್ಟದಲ್ಲಿ ಕೇಳಿಕೊಳ್ಳಬೇಕಾದದ್ದು ತುಕ್ಕು ಎಷ್ಟಿದೆ ಎಂದಲ್ಲ, ಎಲ್ಲಿದೆ ಎಂದು. ಬಾಗಿಲು, ಫೆಂಡರ್, ಡಿಕ್ಕಿಯ ಅಂಚಿನ ತುಕ್ಕು ನೋಟಕ್ಕೆ ಮಾತ್ರ ಕೆಟ್ಟದ್ದು, ತೇಪೆ ಹಾಕಿ ಓಡಿಸಿ. ಮುಂದಿನ ಸ್ಟ್ರಟ್ ಕೂರುವ ಗೋಪುರ, ಲೋವರ್ ಆರ್ಮ್ ಸಿಕ್ಕಿಸುವ ಜಾಗ, ಬ್ರೇಕಿನ ಉಕ್ಕಿನ ಕೊಳವೆ, ಸೀಟ್‌ಬೆಲ್ಟಿನ ಬೋಲ್ಟ್ ಹಿಡಿದ ತಗಡು, ಇವು ಬೇರೆ ಮಾತು. ಬ್ರೇಕಿನ ಕೊಳವೆ ಬದಲಿಸಬಹುದು. ಉಳಿದೆಡೆ ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಇಳಿದರೆ, ತಗಡು ಕತ್ತರಿಸಿ ಹೊಸದು ಬೆಸೆಯಬಲ್ಲ ಕೈ ಸಿಗದ ಹೊರತು, ಆ ಕಾರಿನ ಓಟ ಮುಗಿಯಿತು. ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿ ಅದನ್ನು ಇನ್ನೊಂದು ಮನೆಯವರಿಗೆ ಮಾರಬೇಡಿ. ಗುಜರಿಗೆ ಕೊಟ್ಟು ನೋಂದಣಿ ರದ್ದು ಮಾಡಿಸಿ.